ಎರಡನೇ ಪ್ರಯಾಣಿಕರ ಹೆಸರು

“ಇಬ್ಬರಿಗೆ, ಮೇಡಂ,” ಎಂದ ಮಾದೇಶ, ಕುರ್ಚಿಯ ತುದಿಯಲ್ಲಿ ಕೂತು. “ಕೀನ್ಯಾದ ಮಸಾಯಿ ಮಾರಾ ಸರಿಯೋ, ಬೋಟ್ಸ್‌ವಾನಾದ ಒಕವಾಂಗೊ ಸರಿಯೋ, ನೀವೇ ಹೇಳ್ಬೇಕು.”

ರೂಪಶ್ರೀಗೆ ಮಾರಾ ಕೇಳಿಸಲಿಲ್ಲ, ಒಕವಾಂಗೊ ಕೇಳಿಸಲಿಲ್ಲ. ‘ಇಬ್ಬರಿಗೆ’ ಎಂಬುದೊಂದೇ ಕೇಳಿಸಿತು.

ಗೂಡಲೂರಿನ ಕಿರಾಣಿ ಅಂಗಡಿಯವರ ಮಗಳು ಅವಳು. ಊಟಿಯ ಈ ಪುಟ್ಟ ಟ್ರಾವೆಲ್ ಆಫೀಸಿನಲ್ಲಿ ಕೂತು ಆರು ವರ್ಷದಿಂದ ಊರವರನ್ನೆಲ್ಲ ಸಮುದ್ರ ದಾಟಿಸುತ್ತಿದ್ದಳು. ಮಸಿನಗುಡಿಯಲ್ಲಿ ಸಫಾರಿ ಜೀಪ್ ಓಡಿಸುವ ಮಾದೇಶನಿಗೆ ಗೆಸ್ಟುಗಳನ್ನು ಕಳಿಸುವವಳೂ ಅವಳೇ. ದಿನಕ್ಕೊಂದು ಫೋನು. ತಿಂಗಳಿಗೊಮ್ಮೆ ಟ್ರಿಪ್ ಶೀಟ್ ಕೊಡಲು ಅವನು ಬೆಟ್ಟ ಹತ್ತಿ ಬರುತ್ತಿದ್ದ. ಆ ದಿನ ಅವಳು ಎಷ್ಟು ಸಲ ಜಡೆ ಬಿಚ್ಚಿ ಹೆಣೆದುಕೊಳ್ಳುತ್ತಾಳೆ ಎಂಬುದು ಮನೆಯ ಕನ್ನಡಿಗೆ ಮಾತ್ರ ಗೊತ್ತಿತ್ತು. ಪರಿಚಯವಾಗಿ ಮೂರು ವರ್ಷವಾದರೂ ತುಟಿ ಪಿಟಕ್ಕೆಂದಿರಲಿಲ್ಲ. ಅವನಾಗಿಯೇ ಹೇಳಲಿ ಎಂದು ಕಾದಿದ್ದಳು. ಈಗ ಹೇಳುತ್ತಿದ್ದ, ಆದರೆ ಬೇರೆ ಯಾರದೋ ವಿಷಯ.

ಈ ವರ್ಷದ ಅತ್ಯುತ್ತಮ ಗೈಡ್ ಎಂದು ಟೂರ್ ಆಪರೇಟರುಗಳ ಸಂಘ ಅವನನ್ನು ಆರಿಸಿತ್ತು. ಆಫ್ರಿಕಾದಲ್ಲಿ ಹತ್ತು ದಿನದ ಸಫಾರಿಯೇ ಬಹುಮಾನ, ಜೊತೆಗೊಬ್ಬರನ್ನು ಕರೆದೊಯ್ಯಬಹುದು. ಎರಡು ಜಾಗದಲ್ಲಿ ಒಂದನ್ನು ಆರಿಸಿ, ಇಬ್ಬರ ಹೆಸರನ್ನೂ ಇವತ್ತೇ ಕಳಿಸಬೇಕು. ಒಮ್ಮೆ ಕಳಿಸಿದರೆ ಬದಲಾಯಿಸುವಂತಿಲ್ಲ.

“ರೂಪಾ, ಅಂಜು ಮಣಿಗೆ ಮೇಲ್ ಹೋಗ್ಬೇಕು, ಮರೆಯಬೇಡ,” ಎಂದು ಒಳಗಿನ ಕೋಣೆಯಿಂದ ಮಾಲೀಕರಾದ ಮುರಳೀಧರನ್ ಕೂಗಿದರು. ಗೋಡೆ ಗಡಿಯಾರದಲ್ಲಿ ಆಗಲೇ ನಾಲ್ಕೂಕಾಲು; ಅವರ ತಮಿಳಿನ ‘ಅಂಜು ಮಣಿ’ಗೆ, ಐದು ಗಂಟೆಗೆ, ಇನ್ನು ಮುಕ್ಕಾಲು ಗಂಟೆಯಷ್ಟೇ ಇತ್ತು.

ರೂಪಶ್ರೀ ಫಾರ್ಮ್ ಎಳೆದುಕೊಂಡಳು. ಯಾರಿಗೆ ಯಾವ ಊರು ಹೊಂದುತ್ತದೆಂದು ತಿಳಿಯಲು ಅವಳೇ ಮಾಡಿದ ಪ್ರಶ್ನೆಗಳು.

“ಮೊದಲನೇ ಪ್ರಯಾಣಿಕರು ನೀವು. ನಿಮ್ಮದನ್ನ ಕೇಳೋದೇ ಬೇಡ.” ಅವಳು ಸರಸರನೆ ಗುರುತು ಹಾಕಿದಳು. “ನಿಮಗೆ ಒಕವಾಂಗೊ. ಅಲ್ಲಿ ನೀರಿನ ಮಧ್ಯೆ ಕಾಡು. ಮರದ ದೋಣೀಲಿ ಕೂರಿಸಿ ಗಳ ಊರಿ ಮೆಲ್ಲಗೆ ತಳ್ಕೊಂಡು ಹೋಗ್ತಾರೆ. ಗದ್ದಲ ಇಲ್ಲ, ಜನ ಇಲ್ಲ. ಒಂದು ಹಕ್ಕೀನೇ ಅರ್ಧ ಗಂಟೆ ನೋಡ್ಬಹುದು.”

“ಕೇಳದೇನೇ ಬರೆದ್ಬಿಟ್ರಲ್ಲ!” ಅವನ ಕಣ್ಣಂಚಿನಲ್ಲಿ ನಗು ಮಿನುಗಿತು. ಹಾಳಾದ ಆ ನಗುವನ್ನು ನೋಡಬಾರದೆಂದು ಅವಳು ಪೆನ್ನನ್ನೇ ನೋಡಿದಳು.

“ಎರಡನೆಯವರು? ಹೆಸರು ಹೇಳಿ.”

“ಹೆಸರು ಕೊನೆಗೆ ಬರ್ಕೊಳಿ ಮೇಡಂ. ನಮ್ಮ ತಾತ ಪುಟ್ಟಯ್ಯನ ಮಾತು ನಿಮಗೆ ಗೊತ್ತಲ್ಲ?”

ಗೊತ್ತಿತ್ತು. ಮಾದೇಶನ ಜೀಪಿನಲ್ಲಿ ಹುಲಿ ಎನ್ನುವಂತಿಲ್ಲ, ಆನೆ ಎನ್ನುವಂತಿಲ್ಲ. ಹೆಸರು ಹಿಡಿದು ಕರೆದರೆ ಕಾಡಿನವರು ಎದುರಿಗೆ ಬರುವುದಿಲ್ಲ ಎಂದು ತಾತ ಕಲಿಸಿದ್ದರು. ಎಲ್ಲರೂ ‘ಅವರು’. ಬೆಂಗಳೂರಿನ ಗೆಸ್ಟುಗಳು ನಗುತ್ತಿದ್ದರು, ಆಮೇಲೆ ತಾವೂ ಪಿಸುದನಿಯಲ್ಲಿ ‘ಅವರು ಬರ್ತಾರಾ’ ಎನ್ನುತ್ತಿದ್ದರು.

“ಸರಿ, ‘ಅವರು’ ಅಂತಲೇ ಇರಲಿ,” ಎಂದಳು. ದನಿ ಬೇಕಾದ್ದಕ್ಕಿಂತ ಒರಟಾಯಿತು. “ನಿಮಗೇನಾಗ್ಬೇಕು?”

“ಹೋಗೋದು ಸೆಪ್ಟೆಂಬರ್‌ಗೆ. ಅಷ್ಟರೊಳಗೆ ಮದುವೆ ಆಗಿರ್ಬೇಕು ಅಂತ ಆಸೆ.”

ಫಾರ್ಮಿನಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ. ಯಾಕಾದರೂ ಕೇಳಿದೆನೋ ಎಂದು ನಾಲಿಗೆ ಕಚ್ಚಿಕೊಂಡಳು.

“ಪಾಸ್‌ಪೋರ್ಟ್ ಇದೆಯಾ ಅವರಿಗೆ?”

“ಇದೆ. ಮಾಡಿಸಿ ಐದು ವರ್ಷ ಆಯ್ತಂತೆ, ಒಂದು ಸ್ಟ್ಯಾಂಪೂ ಬಿದ್ದಿಲ್ಲ.”

ಅಯ್ಯೋ ಪಾಪ, ನನ್ನ ಹಾಗೇ ಒಬ್ಬಳು ಎಂದುಕೊಂಡಳು ರೂಪಶ್ರೀ. ಬರಿಯ ಪುಟಗಳ ಅವಳ ಪಾಸ್‌ಪೋರ್ಟೂ ಮೇಜಿನ ಡ್ರಾಯರಿನಲ್ಲಿತ್ತು. ಊರಿಗೆಲ್ಲ ದಾರಿ ತೋರಿಸುವ ಜಾಣೆಗೆ ತನ್ನ ಕಾಲ ಬುಡದ ದಾರಿ ಕಾಣುತ್ತಿರಲಿಲ್ಲ.

“ಬೆಳಿಗ್ಗೆ ಬೇಗ ಏಳ್ತಾರಾ?”

“ಏಳ್ತಾರೆ. ಆದ್ರೆ ಕಾಫಿ ಕುಡಿಯೋವರೆಗೂ ಮಾತಾಡ್ಸೋ ಹಾಗಿಲ್ಲ. ಎಂಟು ಗಂಟೆಗೆ ಮುಂಚೆ ಫೋನ್ ಮಾಡಿ ಎರಡು ಸಲ ಬೈಸ್ಕೊಂಡಿದ್ದೀನಿ.”

ಜಂಬದವಳು, ಎಂದು ಮನಸ್ಸಿನಲ್ಲೇ ಬೈದು, ಬೇಕೆಂದೇ ‘ತಡವಾಗಿ’ ಎಂಬಲ್ಲಿ ಗುರುತು ಹಾಕಿದಳು.

“ಜನ ಇಷ್ಟಾನಾ, ಒಂಟಿ ಜಾಗ ಇಷ್ಟಾನಾ?”

“ಜನ. ಅವರಿಗೆ ಮಾರಾನೇ ಸರಿ. ಕಣ್ಣು ಹಾಯೋವರೆಗೂ ಹುಲ್ಲುಗಾವಲು, ಸಾವಿರಾರು ವೈಲ್ಡ್‌ಬೀಸ್ಟು ಒಟ್ಟಿಗೆ ಹೊಳೆಗೆ ಧುಮುಕೋದು. ಸುಮ್ನೆ ಕಾಯೋದು ಅವರಿಗೆ ಬೇಜಾರು. ಅದಕ್ಕೇ ಮೇಡಂ ನಾನು ಒದ್ದಾಡ್ತಿರೋದು. ನನ್ನ ಆಸೆಗೆ ದೋಣಿ ಹತ್ತಿಸಿ, ಹತ್ತು ದಿನ ಅವರು ಆಕಳಿಸ್ಕೊಂಡು ಕೂತ್ರೆ? ನನಗೆ ಎಲ್ಲಾದ್ರೇನು. ಮಾರಾನೇ ಬರೀರಿ.”

ಯಾರಿಗೋ ತನ್ನ ಇಷ್ಟವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಿದ್ದಾನಲ್ಲ ಎಂದು ರೂಪಶ್ರೀಗೆ ಅಳು ಬಂತು. ಆ ಹುಡುಗಿ ಪುಣ್ಯವಂತೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

“ಕೊನೇದು. ದೂರದ ರಸ್ತೆ ಪ್ರಯಾಣ ಆಗುತ್ತಾ?”

“ಅದೊಂದೇ ಕಷ್ಟ. ನಮ್ಮ ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವಿಗೇ ಅವರಿಗೆ ತಲೆ ಸುತ್ತುತ್ತೆ. ಬಾಯಿ ಬಿಟ್ಟು ಹೇಳಲ್ಲ. ಮುಷ್ಟಿಯೊಳಗೆ ನಿಂಬೆಹಣ್ಣು ಬಚ್ಚಿಟ್ಕೊಂಡು, ಗೆಸ್ಟುಗಳ ಜೊತೆ ನಗ್ತಾ ಕೂತಿರ್ತಾರೆ. ನಾನು ಕನ್ನಡೀಲಿ ನೋಡಿ ಗಾಡಿ ನಿಧಾನ ಮಾಡ್ತೀನಿ.”

ಪೆನ್ನು ನಿಂತಿತು.

ಮೇಜಿನ ಕೆಳಗೆ, ಅವಳ ಕೈಚೀಲದಲ್ಲಿ, ಸಂಜೆ ಗೂಡಲೂರಿನ ಬಸ್ಸಿಗೆಂದು ಇಟ್ಟುಕೊಂಡ ನಿಂಬೆಹಣ್ಣಿತ್ತು.

ಅವಳು ತಲೆ ಎತ್ತಲಿಲ್ಲ. ಕಿವಿ ಕೆಂಪೇರಿದ್ದು ಅವಳಿಗೇ ಗೊತ್ತಾಗುತ್ತಿತ್ತು. ಎದುರಿಗಿದ್ದವನ ಕೈಯನ್ನು ನೋಡಿದಳು. ಆನೆ ಎದುರಾದಾಗಲೂ ಸ್ಟಿಯರಿಂಗ್ ಮೇಲೆ ಅಲುಗಾಡದ ಆ ಬೆರಳುಗಳು ಈಗ ಕ್ಯಾಪಿನ ಅಂಚನ್ನು ಸುತ್ತಿ ಸುತ್ತಿ ಹಾಳು ಮಾಡುತ್ತಿದ್ದವು. ತಮಾಷೆಯಲ್ಲ. ಇವನು ಹೆದರಿದ್ದಾನೆ.

“ಫಾರ್ಮಲ್ಲಿ ಒಂದು ತಪ್ಪಿದೆ,” ಎಂದಳು ಮೆಲ್ಲಗೆ.

“ಯಾವುದು?”

“ಮಾರಾ. ಅವರಿಗೆ ಗದ್ದಲ ಇಷ್ಟ ಅಂತ ಯಾರು ಹೇಳಿದ್ರು ನಿಮಗೆ?”

“ನಾನು ಬಂದಾಗಲೆಲ್ಲ ಫೋನಲ್ಲಿ ಗೆಸ್ಟುಗಳಿಗೆ ಮಾರಾ ಬಗ್ಗೆ ಹೇಳ್ತಿರ್ತಾರಲ್ಲ, ಎಷ್ಟು ಖುಷಿಯಿಂದ ಹೇಳ್ತಾರೆ!”

“ಅದು ಸಂಬಳದ ಖುಷಿ ಮಾದೇಶ.” ನಗುವೂ ಅಳುವೂ ಒಟ್ಟಿಗೇ ಬಂತು ಅವಳಿಗೆ. “ಹೋದ ವರ್ಷ ತೆಪ್ಪಕಾಡಿನಿಂದ ವಾಪಸ್ ಬರೋವಾಗ ಮರದ ಮೇಲೆ ಮುಸುವ ಹೆದರಿ ಕೂಗ್ತು, ‘ಅವರು’ ಹತ್ರದಲ್ಲೇ ಇದ್ದಾರೆ ಅಂತ ಗಾಡಿ ಆಫ್ ಮಾಡಿದ್ರಲ್ಲ, ನೆನಪಿದೆಯಾ?”

“ನೆನಪಿಲ್ದೆ ಏನು. ಹನ್ನೊಂದು ನಿಮಿಷ ಕಾದ್ವಿ, ಯಾರೂ ಬರಲಿಲ್ಲ. ಗೆಸ್ಟುಗಳು ಗೊಣಗಿದ್ರು. ನೀವೂ ಊಟಿವರೆಗೆ ಒಂದು ಮಾತಾಡಲಿಲ್ಲ. ಬೇಜಾರಾಯ್ತು ನಿಮಗೆ ಅಂತ…”

ಅವನು ಅಲ್ಲಿಗೇ ನಿಲ್ಲಿಸಿದ. ‘ಅವರು’ ಹೋಗಿ ‘ನೀವು’ ಆಗಿಬಿಟ್ಟಿತ್ತು.

“ಬೇಜಾರಲ್ಲ,” ಎಂದಳು ರೂಪಶ್ರೀ. “ಅಷ್ಟು ಹೊತ್ತು ನಿಮ್ಮ ಹತ್ರ ಸುಮ್ನೆ ಕೂತಿದ್ದು ಅದೇ ಮೊದಲು. ಬಿದಿರು ಕಟಕಟ ಅಂತಿತ್ತು, ನಿಮ್ಮ ಉಸಿರು ಕೇಳಿಸ್ತಿತ್ತು. ಯಾರೂ ಬರೋದು ಬೇಡಪ್ಪಾ, ಗಾಡಿ ಸ್ಟಾರ್ಟ್ ಆಗೋದೂ ಬೇಡ ಅಂತ ಬೇಡ್ಕೊಳ್ತಿದ್ದೆ. ಮಾತಾಡಿದ್ರೆ ಅದೆಲ್ಲ ಚೆಲ್ಲಿಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ.”

ಮಾದೇಶ ಕಾಡಿನಲ್ಲಿ ‘ಅವರು’ ಕಂಡಾಗ ಹೇಗೆ ಕೂರುತ್ತಿದ್ದನೋ ಹಾಗೇ ಕೂತಿದ್ದ. ಕಣ್ಣು ಮಾತ್ರ ತುಂಬಿತ್ತು.

ಅವಳು ಮಾರಾ ಎಂಬುದನ್ನು ಹೊಡೆದು ಹಾಕಿ, ಎರಡನೇ ಸಾಲಿನಲ್ಲೂ ಒಕವಾಂಗೊ ಎಂದು ಬರೆದಳು.

“ಕೇಳದೇನೇ ಫಾರ್ಮ್ ತುಂಬಿಸೋಕೆ ಬಂದ್ಬಿಟ್ರಲ್ಲ, ಎಷ್ಟು ಧೈರ್ಯ!”

“ಧೈರ್ಯ ಎಲ್ಲಿ? ನೇರವಾಗಿ ಕೇಳೋಕೆ ಮೂರು ವರ್ಷದಿಂದ ಆಗ್ಲಿಲ್ಲ. ಪ್ರಶ್ನೆ ನೀವೇ ಕೇಳಿದ್ರೆ ಉತ್ತರ ಹೇಳೋದು ಸುಲಭ ಅನ್ನಿಸ್ತು.”

“ಹಾಗಾದ್ರೆ ಇದಕ್ಕೂ ಉತ್ತರ ಹೇಳಿ. ಹೆಸರು?”

“ಹೆಸರು ಹೇಳಿದ್ರೆ ಬರಲ್ಲ ಅಂತ ತಾತ…”

“ಇದು ಕಾಡಲ್ಲ, ಆಫೀಸು. ಹೆಸರು ಹೇಳದೆ ಯಾರೂ ಎಲ್ಲಿಗೂ ಹೋಗೋ ಹಾಗಿಲ್ಲ.”

ಅವನು ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಅವಳನ್ನು. “ರೂಪಶ್ರೀ,” ಎಂದ. ಮೂರು ವರ್ಷದಲ್ಲಿ ಮೊದಲ ಸಲ. ಎಷ್ಟೋ ಜನ ಕರೆದ ಅದೇ ಹೆಸರು, ಇವತ್ತೇ ಇಟ್ಟಂತಿತ್ತು.

ಅವಳು ದೊಡ್ಡ ಅಕ್ಷರದಲ್ಲಿ ಬರೆದಳು. ಡ್ರಾಯರಿನಿಂದ ಪಾಸ್‌ಪೋರ್ಟ್ ತೆಗೆದು ನಂಬರು ನೋಡಿ ತುಂಬಿದಳು. ನಾಲ್ಕು ಐವತ್ತೆರಡಕ್ಕೆ ಮೇಲ್ ಹೋಯಿತು.

“ಆಯ್ತಾ?” ಎಂದರು ಒಳಗಿನಿಂದ ಮುರಳೀಧರನ್.

“ಆಯ್ತು ಸಾರ್. ಇನ್ನು ಬದಲಾಯಿಸೋ ಹಾಗಿಲ್ಲ,” ಎಂದಳು, ಮಾದೇಶನನ್ನೇ ನೋಡುತ್ತ.

ಹೊರಗೆ ಜೀಪಿನ ಬಾಗಿಲು ತೆಗೆದು ಅವನು ನಿಂತಿದ್ದ. ಅಂಗಿಯ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಸೀಟಿನ ಮೇಲಿಟ್ಟ. “ನಾಳೆ ನಿಮ್ಮಪ್ಪನ ಹತ್ರ ಮಾತಾಡೋಕೆ ತಾತನ್ನೂ ಕರ್ಕೊಂಡು ಬರ್ತೀನಿ. ಈಗ ಗೂಡಲೂರಿಗೆ ಬಿಡ್ಲಾ, ಮೇಡಂ?”

ಅವಳು ಮೆಟ್ಟಿಲ ಮೇಲೇ ಕೈಕಟ್ಟಿ ನಿಂತಳು. “ಮೇಡಂ ಅಂದ್ರೆ ಬರಲ್ಲ.”

ಅವನು ನಕ್ಕ. “ರೂಪಶ್ರೀ.”

ಕರೆದ ತಕ್ಷಣ ಇಳಿದು ಬಂದಳು. ನಾಳೆ ಪುಟ್ಟಯ್ಯ ತಾತನಿಗೆ ಇದನ್ನು ಹೇಳಲೇಬೇಕೆಂದುಕೊಂಡಳು.