ಹಾಕೊದಾತೆಯ ಬೆಟ್ಟದ ಮೇಲಿನ ಕ್ಯಾಮೆರಾ

ನನ್ನ ಗಂಡ ಡಾಕ್ಟರ್ ರಾಜಶೇಖರ ತೀರಿಕೊಂಡ ಮೇಲೆ ನಾನು ಅಳಲಿಲ್ಲ. ಲೀಡ್ಸ್‌ನ ನಮ್ಮ ಅಡುಗೆಮನೆಯಲ್ಲಿ ತಿಂಡಿಗೆ ಕೂತಾಗಲೆಲ್ಲ ಲ್ಯಾಪ್‌ಟಾಪ್ ತೆರೆದಿಟ್ಟು ಜಪಾನಿನ ಹಾಕೊದಾತೆ ನಗರವನ್ನು ನೋಡುತ್ತಿದ್ದೆ, ಅಷ್ಟೆ. ಅವರು ರಿಟೈರ್ ಆದಮೇಲೆ ಇಬ್ಬರೂ ಹೋಗಬೇಕೆಂದುಕೊಂಡಿದ್ದ ಊರು ಅದು. ಬೆಟ್ಟದ ಮೇಲಿನ ಕ್ಯಾಮೆರಾ ಇಡೀ ಊರನ್ನು ಲೈವ್ ಆಗಿ ತೋರಿಸುತ್ತದೆ. ಎರಡೂ ಕಡೆ ಕಡಲು, ನಡುವೆ ಸೊಂಟದಂತೆ ಸಣ್ಣಗಾದ ನೆಲ, ಬಂದರು, ಟ್ರಾಮ್ ಹಳಿ. ನಮಗೆ ಬೆಳಗಾಗುವಾಗ ಅಲ್ಲಿ ಸಂಜೆಯ ದೀಪಗಳು ಹತ್ತಿಕೊಳ್ಳುತ್ತವೆ. ಸದ್ದು ಮಾತ್ರ ಬರುವುದಿಲ್ಲ.

ಜನವರಿಯ ಒಂದು ಭಾನುವಾರ ಕ್ಯಾಮೆರಾದ ಮುಂದಿನ ಕಬ್ಬಿಣದ ಕಂಬಿಗಳ ಬಳಿ ಒಬ್ಬರು ಊರು ನೋಡುತ್ತಾ ನಿಂತಿದ್ದರು. ಬೆನ್ನು ಮಾತ್ರ ಕಾಣುತ್ತಿತ್ತು. ಎಡಭುಜ ತುಸು ಇಳಿದಿತ್ತು. ರಾಜಶೇಖರ ಅವರದೂ ಹಾಗೆಯೇ ಇತ್ತು. ನಾನು ಟೋಸ್ಟಿಗೆ ಬೆಣ್ಣೆ ಸವರತೊಡಗಿದೆ. ಲ್ಯಾಪ್‌ಟಾಪಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಹೀಟಿಂಗ್ ಹಾಕಿದ್ದರೂ ಬೆಣ್ಣೆ ಕಲ್ಲಿನಂತಾಗಿ ಚಾಕು ಇಳಿಯಲಿಲ್ಲ. ಅಡುಗೆಮನೆ ತುಂಬ ಉಪ್ಪುಗಾಳಿಯ ವಾಸನೆ.

ಮಗಳು ಶರ್ವಾಣಿ ಕೆಳಗಿಳಿದು ಬಂದಳು.

"ಮಮ್, ಇಟ್ಸ್ ಫ್ರೀಝಿಂಗ್ ಇನ್ ಹಿಯರ್."

"ಇಲ್ಲಿ ನೋಡು," ಎಂದೆ.

ಅವಳು ಬಗ್ಗಿ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದಳು.

"ವೈ ಈಸ್ ಅಪ್ಪ ಕ್ರೈಯಿಂಗ್?"

"ಮುಖ ಕಾಣ್ತಿದೆಯಾ ನಿಂಗೆ?"

"ಹೀ ಈಸ್ ಲುಕಿಂಗ್ ಅಟ್ ಯು, ಮಮ್."

ನಾನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದೆ. ಆ ಚಳಿಗಾಲವೆಲ್ಲ ಪ್ರತಿ ಬೆಳಿಗ್ಗೆ ಹಾಗೆಯೇ ಬಗ್ಗಿ ನೋಡಿದೆ. ಅವರು ಅಲ್ಲಿಯೇ ಇದ್ದರು. ನನಗೆ ಒಂದು ದಿನವೂ ಬೆನ್ನಲ್ಲದೆ ಬೇರೇನೂ ಕಾಣಲಿಲ್ಲ.