ಎಡಕ್ಕೆ ವಾಲಿದ ದೋಣಿ

ಆ ಹಳೆಯ ಮರದ ಮೋಟಾರು ದೋಣಿಯ ಕೊಳೆತ ಹಲಗೆಗಳನ್ನು ಭಾವ ಬದಲಿಸಿದರು, ಎಂಜಿನ್ ನಾನು ಬಿಚ್ಚಿ ಜೋಡಿಸಿದೆ. ಮೋಡ ಕವಿದ ಒಂದು ಮಧ್ಯಾಹ್ನ ನಾವಿಬ್ಬರೇ ಅದನ್ನು ನೀರಿಗಿಳಿಸಿದೆವು.

ಸಂದುಗಳಲ್ಲಿ ನೀರು ಜಿನುಗಿತು. "ಗಾಬರಿಯಾಗಬೇಡ. ಮರ ನೀರು ಕುಡಿದು ಉಬ್ಬಿದರೆ ತಾನೇ ನಿಲ್ಲುತ್ತೆ," ಎಂದರು ಭಾವ. ಜಿನುಗು ಕಮ್ಮಿಯೂ ಆಯಿತು. ಆದರೆ ದೋಣಿ ಎಡಕ್ಕೆ ವಾಲಿಕೊಂಡೇ ಇತ್ತು. ಬ್ಯಾಟರಿಯನ್ನು ಬಲಕ್ಕೆ ಸರಿಸಿ, ನಾವೂ ಬಲಕ್ಕೇ ಕೂತೆವು. ಜಪ್ಪಯ್ಯ ಅಂದರೂ ಅದು ನೆಟ್ಟಗಾಗಲಿಲ್ಲ.

ನಡುನೀರಿನಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಪೈಪಿನಲ್ಲಿ ಗಾಳಿ ಸೇರಿದೆಯೇನೋ ಎಂದು ನಾನು ನೋಡುತ್ತಿದ್ದಾಗ ದೋಣಿ ಮೆಲ್ಲಗೆ ಬಲಕ್ಕೆ ವಾಲಿತು, ಎಡಗಡೆಯಿಂದ ಯಾರೋ ಎದ್ದು ನಮ್ಮ ಪಕ್ಕಕ್ಕೆ ಬಂದ ಹಾಗೆ.

"ನೀನು ಎದ್ದೆಯೇನೋ?"

"ಇಲ್ಲ ಭಾವ."

ಆಮೇಲೆ ಇಬ್ಬರೂ ಹುಟ್ಟು ಹಾಕಿ ದಡಕ್ಕೆ ಬಂದೆವು. ಇಳಿದು ಹಗ್ಗ ಕಟ್ಟಿ ತಿರುಗಿದರೆ, ಭಾವ ದಡದಲ್ಲಿ ನಿಂತು ಖಾಲಿ ದೋಣಿಯತ್ತ ಬಲಗೈ ಚಾಚಿದ್ದಾರೆ, ವಯಸ್ಸಾದವರನ್ನು ಇಳಿಸಿಕೊಳ್ಳುವ ಹಾಗೆ. ದೋಣಿ ಒಮ್ಮೆ ಅಲುಗಾಡಿ ನೆಟ್ಟಗಾಯಿತು.

"ಯಾರಿಗೆ ಭಾವ ಕೈ ಕೊಟ್ಟಿದ್ದು?"

ಅವರು ಬೆಚ್ಚಿ ನನ್ನತ್ತ ತಿರುಗಿದರು. "ದೋಣಿಯಿಂದ ನೀನೇ ಕೈ ಕೊಡಿ ಅಂದೆಯಲ್ಲ!"

ನಾನು ಬಾಯಿ ಬಿಟ್ಟಿರಲಿಲ್ಲ. ಅಕ್ಕ ಅವತ್ತಿನಿಂದ ಅವರ ಆ ಕೈಯನ್ನು ಬಿಸಿನೀರಿನಲ್ಲಿ ಅದ್ದಿಸಿ ನೋಡಿದಳು, ಎಣ್ಣೆ ಹಚ್ಚಿ ತಿಕ್ಕಿ ನೋಡಿದಳು. ಭಾವನ ಬಲಗೈ ಇವತ್ತಿಗೂ ಬೆಚ್ಚಗಾಗಿಲ್ಲ.