ಹಲಗೆಗೆ ಬಿಟ್ಟ ಸಂದಿ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ಇವಳು ಎಂದಿನಂತೆ ಕಸ ಗುಡಿಸಿದಳು. ಮೊರದಲ್ಲಿ ಮರದ ಹೊಟ್ಟು ಇರಲಿಲ್ಲ. ಮದುವೆಯಾದ ಮೇಲೆ ಇದೇ ಮೊದಲು.

ಬಾಗಿಲು ತಟ್ಟಿದ ಸದ್ದು.

ಬೀದಿಯ ಕೊನೆಯ ಮರಗೆಲಸದ ಶೆಡ್ಡಿನ ಕೆತ್ತನೆಯವಳು ನಿಂತಿದ್ದಳು. ಅವಳನ್ನು ಕಂಡರೆ ಇವಳಿಗೆ ಮೈಯೆಲ್ಲ ಉರಿ. ಇವಳ ಬಡಗಿ ಗಂಡ ಸಂಜೆಯಾದರೆ ಸಾಕು, ಯಾವುದಾದರೂ ಹತಾರದ ನೆವ ಮಾಡಿಕೊಂಡು ಆ ಶೆಡ್ಡಿಗೆ ಹೋಗುತ್ತಿದ್ದ. ಬಾಯ್ತುಂಬ 'ಅಕ್ಕ' ಎನ್ನುತ್ತಿದ್ದ.

ಅಕ್ಕನಂತೆ ಅಕ್ಕ...

ಕೆತ್ತನೆಯವಳು ಒಳಗೆ ಬರದೆ, ತಲೆ ತಗ್ಗಿಸಿ, ಅವನು ಒಯ್ದಿದ್ದ, ಮರ ಬಿಗಿದು ಹಿಡಿಯುವ ಉದ್ದನೆಯ ಕಬ್ಬಿಣದ ಕ್ಲಾಂಪ್ ಬೇಕಿತ್ತು ಎಂದಳು. ಇಂಥ ಹೊತ್ತಲ್ಲಿ ಕೇಳಬಾರದು, ಆದರೆ ಶೆಡ್ಡಿಗೆ ಅದೊಂದೇ ಇರುವುದು ಎಂದೂ ಸೇರಿಸಿದಳು.

"ನಿಮ್ಮದೇನಿದೆಯೋ ಎಲ್ಲ ತಗೊಂಡು ಹೋಗಿ" ಎಂದಳು ಇವಳು.

ಹಿಂದಿನ ಕೋಣೆಯ ಮೇಜಿನ ಮೇಲೆ ಬೀರುವಿನ ಬಾಗಿಲು ಮಲಗಿತ್ತು. ಬಳ್ಳಿ ಕೆತ್ತಿದ ಹಲಗೆ, ಸುತ್ತ ಚೌಕಟ್ಟು, ಅಡ್ಡಕ್ಕೆ ಬಿಗಿದ ಕ್ಲಾಂಪ್. ಅದನ್ನು ಬಿಗಿದಿಟ್ಟ ಮರುದಿನವೇ ಮರ ತರಲು ಹೋದ ಗಂಡ ಲಾರಿ ಮಗುಚಿ ತೀರಿಕೊಂಡ.

ಕೆತ್ತನೆಯವಳು ಚೌಕಟ್ಟಿನ ಅಂಚಿಗೆ ಬೆರಳಾಡಿಸಿದಳು. ಮುಖ ಸಪ್ಪಗಾಯಿತು.

"ಅಯ್ಯೋ ಹುಚ್ಚಪ್ಪ... ಸುತ್ತಲೂ ಅಂಟು ಹಾಕೇಬಿಟ್ಟಿದಾನೆ."

ಅಂಟು ಹಾಕಿದರೆ ತಪ್ಪೇನು ಎಂದು ಇವಳು ಒರಟಾಗಿ ಕೇಳಿದಳು. ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂರಿಸಬೇಕು, ಅಂಟು ತಾಗಿಸಲೇಬಾರದು ಎಂದು ಕೆತ್ತನೆಯವಳು ವಿವರಿಸಿದಳು. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದಕ್ಕೆಂದೇ ಸಂದಿ. ಈಗ ಸಂದಿಗೆ ಪಟ್ಟಿ ತುರುಕಿ ಬಂಧಿಸಿದ್ದಾನೆ. ಮಳೆ ಹಿಡಿದರೆ ಹಲಗೆ ಹಿಗ್ಗಿ ಮೂಲೆಗಳನ್ನು ಕೀಳುತ್ತದೆ. ಮತ್ತೆ ಒಣಗುವಾಗ ಬಳ್ಳಿಯ ನಡುವೆಯೇ ಸೀಳುತ್ತದೆ.



ಬೇಸಿಗೆಯಲ್ಲಿ ಆ ಬಾಗಿಲು ಮುಚ್ಚಿದಾಗಲೆಲ್ಲ ಲಟಲಟ ಅನ್ನುತ್ತಿತ್ತು. ಕೊನೆಯ ಸಂಜೆ ಅವನು ಶೆಡ್ಡಿಗೆ ಹೊರಟಾಗ ಇವಳು ಅಂದಿದ್ದಳು: "ನಿಮ್ಮ ಹಾಗೇ ನೀವು ಮಾಡಿದ ಬಾಗಿಲು. ಒಂದು ಕಡೆ ನಿಲ್ಲಲ್ಲ." ಅವನು ಚಪ್ಪಲಿ ಮೆಟ್ಟಿ ಹೋಗಿದ್ದ. ಅವಳ ಹತ್ತಿರ ನನ್ನ ಚಾಡಿ ಹೇಳೋಕೆ ಹೋದ, ಎಂದುಕೊಂಡು ಇವಳು ಮುಸುಕು ಹೊದ್ದು ಮಲಗಿದ್ದಳು.

"ಅವತ್ತು... ನಿಮ್ಮ ಹತ್ತಿರ ಏನಂದ್ರು?"

ಕೆತ್ತನೆಯವಳು ಬಳ್ಳಿಯ ಮೇಲಿನ ಧೂಳು ಒರೆಸಿದಳು.

"ಸಡಿಲ ಹಲಗೆಗೆ ಕ್ಲಾಂಪ್ ಯಾಕೋ ಅಂದೆ. 'ನಮ್ಮ ಮೇಡಮ್ಮಿಗೆ ಆ ಸದ್ದು ಕೇಳಿದ್ರೆ ಸಿಟ್ಟು ಬರುತ್ತೆ ಅಕ್ಕ, ಬಿಗಿ ಮಾಡ್ತೀನಿ' ಅಂದ. ಒಡೆಯುತ್ತಲ್ಲೋ ಅಂದೆ. 'ಒಡೆದ್ರೆ ಇನ್ನೊಂದು ಕೆತ್ತಿಕೊಡ್ತೀನಿ. ಅವಳು ನಗಲಿ ಸಾಕು' ಅಂದ."

ಇನ್ನೊಂದು ಕೆತ್ತುವ ಕೈ ಈಗ ಇಲ್ಲ.

ಕೆತ್ತನೆಯವಳು ಕ್ಲಾಂಪಿನ ತಿರುಪಿಗೆ ಕೈ ಹಾಕಿದಳು. ಇವಳು ತಟ್ಟನೆ ಅವಳ ಮಣಿಕಟ್ಟು ಹಿಡಿದಳು. ಅವನು ಕೊನೆಯದಾಗಿ ಬಿಗಿದದ್ದು ಅದು. ಸಂಜೆ ತಾನೇ ತಂದುಕೊಡುವುದಾಗಿ ಹೇಳಿದಳು. ಕೆತ್ತನೆಯವಳು ಹೊರಟುಹೋದಳು.

ಮಧ್ಯಾಹ್ನವೆಲ್ಲ ಇವಳು ಆ ಮೇಜಿನ ಪಕ್ಕ ಕೂತಿದ್ದಳು. ಊಟಕ್ಕೆ ಕರೆಯಲು ಬಂದ ಅತ್ತೆ ಬಾಗಿಲಲ್ಲೇ ನಿಂತು ವಾಪಸು ಹೋದರು. ಬಿಸಿಲು ಇಳಿದ ಮೇಲೆ ತಿರುಪನ್ನು ಎರಡೂ ಕೈಯಲ್ಲಿ ಹಿಡಿದಳು. ಮೊದಲು ಜಗ್ಗಲಿಲ್ಲ. ಆಮೇಲೆ ಕಿರ್ ಎಂದು ತಿರುಗಿತು.

ಶೆಡ್ಡಿನಲ್ಲಿ ಕೆತ್ತನೆಯವಳು ಉಳಿ ಕೆಳಗಿಟ್ಟು ಎದ್ದು ಬಂದಳು. ಇವಳು ಕ್ಲಾಂಪನ್ನು ಅವಳ ಕೈಗಿಟ್ಟಳು.

"ಈಗಲೇ ಚೌಕಟ್ಟು ಕೊಯ್ದು ಹಲಗೆ ಬಿಡಿಸಿದ್ರೆ ಬಳ್ಳಿ ಉಳಿಯುತ್ತೆ ಕಣಮ್ಮ. ನಾಳೆ ಬರ್ಲಾ?"

"ಬೇಡ ಅಕ್ಕ."

ಆ ಪದ ತನ್ನ ಬಾಯಿಂದ ಬಂದದ್ದು ಇವಳಿಗೇ ತಡವಾಗಿ ತಿಳಿಯಿತು.

"ಮಳೆಗೆ ನಿಲ್ಲಲ್ಲ ಅದು."

"ಗೊತ್ತು. ಅಲ್ಲೀವರೆಗೆ ಸದ್ದು ಮಾಡಲ್ಲವಲ್ಲ."

ಕೆತ್ತನೆಯವಳು ಇವಳ ಅಂಗೈ ತಿರುಗಿಸಿ ನೋಡಿದಳು. ತಿರುಪಿನ ಗುರುತು ಕೆಂಪಗೆ ಎದ್ದಿತ್ತು.

"ಬಿಚ್ಚೋಕೆ ಕಷ್ಟ ಆಯ್ತಾ?"

"ಹೂಂ... ತುಂಬ ಬಿಗಿ ಮಾಡಿದ್ರು."